ಆಯರ್ವಿನ್ ಪುಲಿಗೆ ಎಷ್ಟು ಫೂಟು?

ಮೂವರ ಮಾತು ಇದು. ಒಬ್ಬರು ಸಾಂಗ್ಲಿಯ ಗಾಂವಭಾಗದಲ್ಲೇ ಹುಟ್ಟಿ ಅಲ್ಲೇ ಇದ್ದವರು. ಅರಿಷಿಣದ ವ್ಯಾಪಾರಕ್ಕೆಂದು ತೇರದಾಳದಿಂದ ಬಂದ ಮನೆತನ. ಇನ್ನೊಬ್ಬರು ಅದೇ ಓಣಿಯಲ್ಲಿ ಬೆಳೆದ ನಿವೃತ್ತ ಶಿಕ್ಷಕಿ. 2019ರ ಮಹಾಪೂರದ ನಂತರ ಓಣಿ ಬಿಟ್ಟು, ಹೊಳೆಯಿಂದ ದೂರದ ವಿಶ್ರಾಮಬಾಗಿಗೆ ಹೋದವರು. ಮೂರನೆಯವರು ಶಿವಮೊಗ್ಗದಿಂದ ಬಂದವರು. ಮಿರಜಿನಲ್ಲಿ ಕೆಲಸ, ಮನೆ ಇನ್ನೂ ಸಿಕ್ಕಿಲ್ಲ.

ಬಂದವರು: ಗಣಪತಿ ಗುಡಿಯ ಹತ್ತಿರದ ಓಣಿಯಲ್ಲಿ ಒಂದು ಮನೆ ನೋಡಿ ಬಂದೆ. ಹಳೆಯ ವಾಡೆ. ತೇಗದ ಕಂಬ, ನಡುವೆ ಅಂಗಳ. ಒಂದು ದಿಕ್ಕಿಗೆ ಸ್ವಲ್ಪ ನಡೆದರೆ ಹೊಳೆ, ಇನ್ನೊಂದು ದಿಕ್ಕಿಗೆ ಸ್ವಲ್ಪ ನಡೆದರೆ ಪೇಟೆ. ಬಾಡಿಗೆ ಮಾತ್ರ ವಿಶ್ರಾಮಬಾಗಿಗಿಂತ ಎಷ್ಟೋ ಕಡಿಮೆ. ಇಷ್ಟು ಅಗ್ಗ ಯಾಕೆ ಅಂತ ಅನುಮಾನ.

ಇದ್ದವರು: ಎಷ್ಟು ಫೂಟಿನ ಮನಿ ಅದು?

ಬಂದವರು: ಅಗಲ ಇಪ್ಪತ್ತು, ಉದ್ದ ಅರವತ್ತು ಇದ್ದೀತು.

ಇದ್ದವರು: ಅಳತಿ ಕೇಳಲಿಲ್ರಿ ನಾನು. ಆಯರ್ವಿನ್ ಪುಲಿಗೆ ಎಷ್ಟು ಫೂಟು ಏರಿದ್ರ ಆ ಮನಿ ಹೊಸ್ತಿಲಕ್ಕ ನೀರು ಬರತೈತಿ, ಅದನ್ನ ಕೇಳಿದ್ದು. ಇಲ್ಲಿ ಮನಿಗೆ ಎರಡು ನಂಬರ್ ಇರತಾವು. ಒಂದು ಮುನ್ಸಿಪಾಲ್ಟಿ ಕೊಟ್ಟದ್ದು, ಇನ್ನೊಂದು ಹೊಳಿ ಕೊಟ್ಟದ್ದು. ಮೊದಲನೇದು ಟಪಾಲಿನವಂಗ ಸಾಕು. ಸಂಸಾರ ಹೂಡಾವಗ ಎರಡನೇದು ಬೇಕು.

ಬಂದವರು: ಸೇತುವೆಯಲ್ಲಿ ಅಳತೆಪಟ್ಟಿ ಇದೆಯೇ?

ಬಿಟ್ಟವರು: ಇದೆ. ಸೇತುವೆ ಸಂಸ್ಥಾನದ ಕಾಲದ್ದು. 1929ರಲ್ಲಿ ವೈಸರಾಯ್ ಲಾರ್ಡ್ ಆಯರ್ವಿನ್ ಬಂದು ಉದ್ಘಾಟಿಸಿದರು, ಅವರ ಹೆಸರೇ ನಿಂತಿತು. ಆಚೆ ದಂಡೆಗೆ ಸಾಂಗ್ಲಿವಾಡಿ, ಈಚೆಗೆ ಊರು. ಅಲ್ಲಿ ನೀರು 40 ಅಡಿ ಮುಟ್ಟಿದರೆ ‘ಇಶಾರಾ ಪಾತಳಿ’, ಅಂದರೆ ಎಚ್ಚರಿಕೆಯ ಮಟ್ಟ. 45 ಮುಟ್ಟಿದರೆ ‘ಧೋಕಾ ಪಾತಳಿ’, ಅಪಾಯದ ಮಟ್ಟ. ಜುಲೈ ಆಗಸ್ಟಿನಲ್ಲಿ ಇಲ್ಲಿ ಯಾರನ್ನಾದರೂ ದಾರಿಯಲ್ಲಿ ಕಂಡರೆ ಊಟವಾಯಿತೇ ಎಂದು ಕೇಳುವುದಿಲ್ಲ. ಎಷ್ಟಾಯಿತು ಎಂದು ಕೇಳುತ್ತಾರೆ. ಮೂವತ್ತೆಂಟು ಅಂದರೆ ಸಾಕು. ಏನು ಮೂವತ್ತೆಂಟು ಅಂತ ಕೇಳಿದರೆ ನೀವು ಹೊರಗಿನವರು ಅಂತ ಗೊತ್ತಾಗಿಬಿಡುತ್ತದೆ.

ಇದ್ದವರು: ಇಷ್ಟಾದ್ರ ಸೂರ್ಯವಂಶಿ ಪ್ಲಾಟಿಗೆ, ಇಷ್ಟಾದ್ರ ದತ್ತನಗರಕ್ಕ, ಇನ್ನಷ್ಟಾದ್ರ ಮಾರುತಿ ಚೌಕಕ್ಕ, ಅಂತ ಸಣ್ಣ ಹುಡುಗರಿಗೂ ಬಾಯಿಪಾಠ. ನೀರು ಎಲ್ಲಿಂದ ಹೊಕ್ಕು ಯಾವ ಓಣಿ ಹಿಡೀತೈತಿ ಅಂತ ಮುದುಕರು ಕಣ್ಣು ಮುಚ್ಚಿ ಹೇಳ್ತಾರ. ಮನಿ ತಗೊಳ್ಳಾವ ಏಜೆಂಟನ್ನ ಕೇಳಬಾರದು. ಎದುರುಮನಿ ಮುದುಕೀನ್ನ ಕೇಳಬೇಕು.

ಬಂದವರು: ಲೆಕ್ಕ ಇಷ್ಟು ಕರಾರುವಾಕ್ಕಾಗಿ ಗೊತ್ತಿದ್ದರೆ ಹೆದರಿಕೆ ಯಾಕೆ?

ಬಿಟ್ಟವರು: ಆ ಲೆಕ್ಕವೇ ನಮಗೆ ಕೈ ಕೊಟ್ಟಿತು. 2005ರಲ್ಲಿ ನೀರು 53 ಅಡಿ ದಾಟಿತ್ತು. ಇದಕ್ಕಿಂತ ದೊಡ್ಡದು ಯಾರೂ ನೋಡಿಲ್ಲ ಅಂದುಕೊಂಡು ಎಷ್ಟೋ ಮನೆಗಳಲ್ಲಿ ಗೋಡೆಗೆ ಗೆರೆ ಎಳೆದರು. ಆ ಗೆರೆಗಿಂತ ಮೇಲೆ ಹಲಗೆ ಹೊಡೆದು, ಪೂರದ ಸುದ್ದಿ ಬಂದಾಗ ಕಾಳುಕಡಿ, ಕಾಗದಪತ್ರ ಅಲ್ಲಿಡುವ ರೂಢಿ ಮಾಡಿಕೊಂಡರು. 2019ರ ಆಗಸ್ಟಿನಲ್ಲೂ ಹಾಗೇ ಮಾಡಿದರು. ನೀರು 57 ದಾಟಿತು. ಗೆರೆಯ ಮೇಲೆ ಇಟ್ಟದ್ದೆಲ್ಲ ತೇಲಿತು. ಗೆರೆ ನಂಬಿ ಮನೆ ಬಿಡದೆ ಕೂತವರನ್ನು ದೋಣಿಯಲ್ಲಿ ತರಬೇಕಾಯಿತು. ಅದೇ ವಾರ ಮೇಲ್ಗಡೆ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಎಷ್ಟೋ ಮಂದಿ ಹೋದರು. ಇನ್ನು ಇಪ್ಪತ್ತು ವರ್ಷ ಇಂಥದ್ದು ಬರಲಾರದು ಅಂತ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ 2021ರ ಜುಲೈ ಬಂತು. ಆಗಲೂ 55ರ ಹತ್ತಿರ.

ಇದ್ದವರು: ಅದಕ್ಕ ನೀವು ಗಂಟು ಕಟ್ಟಿದ್ರಿ.

ಬಿಟ್ಟವರು: ನಮ್ಮ ಮನೆ ಒಂದೇ ಅಂತಸ್ತಿನದ್ದು. ಅದನ್ನು ಮರೆಯಬೇಡಿ.

ಬಂದವರು: ನಮ್ಮ ಶಿವಮೊಗ್ಗದಲ್ಲೂ ತುಂಗೆ ಏರುತ್ತಾಳೆ. ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿದರೆ ಊರೆಲ್ಲ ನೋಡಲು ಹೋಗುತ್ತೇವೆ. ಏರಿದಷ್ಟೇ ಬೇಗ ಇಳಿಯುತ್ತದೆ. ಇಲ್ಲಿ ದಿನಗಟ್ಟಲೆ ನಿಲ್ಲುತ್ತದಂತಲ್ಲ?

ಬಿಟ್ಟವರು: ನಿಲ್ಲಲು ಕಾರಣ ನೆಲದಲ್ಲೇ ಇದೆ. ಕೃಷ್ಣೆ ಮಹಾಬಳೇಶ್ವರದಿಂದ ಇಳಿದು, ಕರಾಡದಲ್ಲಿ ಕೊಯ್ನೆಯನ್ನು ಕೂಡಿಕೊಂಡು ಬರುತ್ತಾಳೆ. ಕೊಯ್ನಾ ಅಣೆಕಟ್ಟಿನ ಸಾಮರ್ಥ್ಯ 105 ಟಿಎಂಸಿ. ಅದು ತುಂಬಿದ ಮೇಲೆ ಘಟ್ಟದಲ್ಲಿ ಮಳೆ ಹಿಡಿದರೆ ಬಿಡದೆ ಗತಿಯಿಲ್ಲ. ಸಾಂಗ್ಲಿಗೆ ಬರುವಷ್ಟರಲ್ಲಿ ನೆಲ ಚಪ್ಪಟೆ, ಹೊಳೆ ಹಾವಿನ ಹಾಗೆ ಹೊರಳುತ್ತದೆ. ಊರು ದಾಟಿದ ಕೂಡಲೆ ಹರಿಪುರದಲ್ಲಿ ವಾರಣೆ ಬಂದು ಸೇರುತ್ತದೆ. ಇನ್ನೂ ಕೆಳಗೆ ನರಸೋಬಾವಾಡಿಯಲ್ಲಿ ಪಂಚಗಂಗೆ. ಮೂರಕ್ಕೂ ಒಂದೇ ಘಟ್ಟಸಾಲಿನ ಮಳೆ, ಮೂರೂ ಒಂದೇ ವಾರ ತುಂಬಿ ಬರುತ್ತವೆ. ಕೂಡುವ ಜಾಗದಲ್ಲಿ ಮುಂದಿನ ನೀರು ಸರಿಯುವ ತನಕ ಹಿಂದಿನದು ಕಾಯಬೇಕು. ಅದು ಕಾಯುವುದು ನಮ್ಮ ಓಣಿಗಳಲ್ಲಿ.

ಬಂದವರು: ನನ್ನ ಕಚೇರಿಯಲ್ಲಿ ಬೇರೆ ಕಾರಣ ಹೇಳುತ್ತಾರೆ. ನಾನು ಕರ್ನಾಟಕದವನು ಅಂತ ಗೊತ್ತಾದ ದಿನವೇ ‘ನಿಮ್ಮ ಆಲಮಟ್ಟಿಯ ಹಿನ್ನೀರೇ ಕಾರಣ’ ಅಂದರು. ಅಣೆಕಟ್ಟು ನಾನೇ ಕಟ್ಟಿಸಿದ ಹಾಗೆ.

ಇದ್ದವರು: ನಮಗೂ ಅಂತಾರ್ರಿ! ಮುತ್ಯಾನ ಕಾಲದಿಂದ ಇಲ್ಲಿ ಇದ್ದೀವಿ, ನಮ್ಮ ಅರಿಷಿಣಾನೂ ಅದೇ ನೀರಾಗ ತೊಯ್ದೈತಿ, ಆದ್ರೂ ಪೂರ ಬಂದಾಗ ನಾವು ಆಲಮಟ್ಟಿಯವರು. ಊರಿಗೆ ಹ್ವಾದ್ರ ತೇರದಾಳದವರು, ‘ನಿಮ್ಮ ಕೊಯ್ನಾದಾಗಿಂದ ಬಿಟ್ರಲ್ಲ’ ಅಂತ ನಮಗ ಬೈತಾರ. ಮ್ಯಾಲಿನವರಿಗೆ ಕೆಳಗಿನ ಡ್ಯಾಮು ವೈರಿ, ಕೆಳಗಿನವರಿಗೆ ಮ್ಯಾಲಿನದು. ನಾವು ನಡುವ.

ಬಿಟ್ಟವರು: ಅಂಕಿ ಹೇಳುತ್ತೇನೆ ಕೇಳಿ. ಆಲಮಟ್ಟಿ ಹೊಳೆಯ ದಾರಿಯಲ್ಲಿ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಅದರ ಪೂರ್ಣ ಮಟ್ಟ ಸಮುದ್ರದಿಂದ 519.6 ಮೀಟರ್. ಆಯರ್ವಿನ್ ಸೇತುವೆಯ ಅಪಾಯದ ಮಟ್ಟ ಸುಮಾರು 540 ಮೀಟರ್. ಮಹಾರಾಷ್ಟ್ರ ಸರ್ಕಾರವೇ 2019ರ ನಂತರ ನೇಮಿಸಿದ ವಡನೇರೆ ಸಮಿತಿ, ಪೂರಕ್ಕೆ ಆಲಮಟ್ಟಿ ಕಾರಣವಲ್ಲ ಎಂದು ವರದಿ ಕೊಟ್ಟಿತು. ಕೆಲವೇ ದಿನಗಳಲ್ಲಿ ಸುರಿದ ಮಳೆ ಮತ್ತು ಹೊಳೆಯ ಜಾಗದಲ್ಲಿ ಎದ್ದ ಕಟ್ಟಡಗಳ ಕಡೆ ಬೆರಳು ತೋರಿಸಿತು. ಹಾಗಂತ ಜನರ ಅನುಮಾನ ಹೋಗಲಿಲ್ಲ. 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪು ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ಆ ಮಾತು ಬಂದಾಗಲೆಲ್ಲ ಇಲ್ಲಿ ಮೋರ್ಚಾ ಹೊರಡುತ್ತದೆ. ಅವರ ಹೆದರಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಮನೆಯಲ್ಲಿ ಎದೆಮಟ್ಟ ನೀರು ನೋಡಿದವರ ಮುಂದೆ ಮೀಟರಿನ ಲೆಕ್ಕ ಹೇಳುವುದು ಸುಲಭವಲ್ಲ. ಆದರೆ ದೂರದ ಅಣೆಕಟ್ಟನ್ನು ಬೈದರೆ ಒಂದು ಅನುಕೂಲವಿದೆ: ಪಕ್ಕದ ಹಳ್ಳಕ್ಕೆ ಮಣ್ಣು ತುಂಬಿ ಪ್ಲಾಟು ಮಾಡಿದವರ ಹೆಸರು ಎತ್ತಬೇಕಾಗುವುದಿಲ್ಲ.

ಬಂದವರು: ಹಾಗಾದರೆ ಮೂಲ ಪ್ರಶ್ನೆ. ಹೊಳೆ ಹೀಗೆ ಅಂತ ಗೊತ್ತಿದ್ದೂ ಊರನ್ನು ಇಲ್ಲೇ ಯಾಕೆ ಕಟ್ಟಿದರು?

ಇದ್ದವರು: ಅಣ್ಣತಮ್ಮರ ಜಗಳ ಕಟ್ಟಿಸ್ತು.

ಬಿಟ್ಟವರು: ಕಾಕ ಮತ್ತು ಅಣ್ಣನ ಮಗ. ಇಲ್ಲಿ ಆಳಿದ ಪಟವರ್ಧನರ ಮೂಲ ಠಾಣೆ ಮಿರಜ. 1801ರಲ್ಲಿ ಚಿಂತಾಮಣರಾವ್ ಅಪ್ಪಾಸಾಹೇಬರು ಬೇರೆಯಾಗಿ ಸಾಂಗ್ಲಿಯನ್ನು ರಾಜಧಾನಿ ಮಾಡಿಕೊಂಡರು. ಆಗ ಇದು ಹೊಳೆದಂಡೆಯ ಒಂದು ಹಳ್ಳಿ. ಅವರೇ ಗಣೇಶದುರ್ಗ ಎಂಬ ಕೋಟೆ ಕಟ್ಟಿಸಿದರು, ಪೇಟೆ ಕೂರಿಸಿದರು, ಹೊಳೆದಂಡೆಗೆ ಕರಿಕಲ್ಲಿನ ಗಣಪತಿ ಗುಡಿ ಎಬ್ಬಿಸಿದರು. ಗುಡಿ ಮುಗಿಯಲು ಸುಮಾರು ಮೂವತ್ತು ವರ್ಷ ಹಿಡಿಯಿತು, 1840ರ ದಶಕದಲ್ಲಿ ಪೂರ್ತಿಯಾಯಿತು. ಹೊಳೆ ಬರುತ್ತದೆ ಎಂದು ತಿಳಿದೇ ತಳಪಾಯ ಎತ್ತರಿಸಿದರು.

ಇದ್ದವರು: ಹೊಳಿ ಬರೂದಿಲ್ಲ ಅಂತ ಯಾರೂ ತಿಳಿದಿರಲಿಲ್ಲ. ಬರತೈತಿ, ಬಂದಾಗ ಏನು ಮಾಡೂದು ಅನ್ನೂದು ಅವರ ವಿಚಾರ. ನಮ್ಮ ವಾಡೇನ ನೋಡ್ರಿ. ಓಣಿಯಿಂದ ಜಗಲಿಗೆ ಐದು ಪಾವಟಿಗಿ. ಸೊಂಟದ ಮಟ ಕಲ್ಲು, ಅದರ ಮ್ಯಾಲೆ ಇಟ್ಟಂಗಿ. ಕೆಳಗಿನ ಪಡಸಾಲ್ಯಾಗ ಏನಿತ್ತು? ತಕ್ಕಡಿ, ಗಾದಿ, ಒಂದೆರಡು ಮಂಚ. ನೀರಿನ ಸುದ್ದಿ ಬಂದ್ರ ಅರ್ಧ ತಾಸಿನಾಗ ಎಲ್ಲಾ ಅಟ್ಟಕ್ಕ. ನೀರು ಇಳಿದ ಮ್ಯಾಲೆ ರಾಡಿ ಬಳದು, ಸುಣ್ಣ ಹಚ್ಚಿದ್ರ ಆತು. ಈಗ ಕೆಳಗ ಏನೈತಿ? ಫ್ರಿಜ್ಜು, ವಾಷಿಂಗ್ ಮಷೀನು, ಪ್ಲೈವುಡ್ಡಿನ ಕಪಾಟು, ಎರಡು ಗಾಡಿ, ಬೋರಿನ ಮೋಟರು. ಸುದ್ದಿ ಬಂದ್ರ ಯಾವುದನ್ನ ಎತ್ತತೀರಿ? ಪ್ಲೈವುಡ್ಡು ಒಂದು ಸಲ ತೊಯ್ದ್ರ ಚಪಾತಿ ಹಂಗ ಉಬ್ಬತೈತಿ. ಕಲ್ಲಿಗೆ ಏನೂ ಆಗಿಲ್ಲ ನೋಡ್ರಿ ಇವತ್ತಿನ ತನಕ.

ಬಂದವರು: ಅಂದರೆ ಹೊಳೆಗಿಂತ ನಾವು ಬದಲಾದದ್ದು ಹೆಚ್ಚು ಅಂತೀರಿ.

ಬಿಟ್ಟವರು: ಅರ್ಧ ಸತ್ಯ ಅದು. ಸಾಮಾನು ಬದಲಾಯಿತು, ಒಪ್ಪಿದೆ. ಹೊಳೆಯ ಆಸುಪಾಸೂ ಬದಲಾಯಿತು. ಮಹಾರಾಷ್ಟ್ರದಲ್ಲಿ ಹೊಳೆದಂಡೆಗೆ ಎರಡು ರೇಷೆ ಎಳೆಯುತ್ತಾರೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ಪೂರಕ್ಕೆ ನೀಲಿ ರೇಷೆ, ನೂರು ವರ್ಷಕ್ಕೊಮ್ಮೆ ಬರಬಹುದಾದದ್ದಕ್ಕೆ ಕೆಂಪು ರೇಷೆ. ನೀಲಿಯ ಒಳಗೆ ಮನೆ ಕಟ್ಟಬಾರದು. ನಕಾಶೆಯಲ್ಲಿ ಸರಿಯಾಗಿದೆ. ನೆಲದ ಮೇಲೆ ಆ ಜಾಗಗಳಲ್ಲೂ ಮನೆಗಳಿವೆ, ದೀಪವಿದೆ, ನಲ್ಲಿಯಿದೆ. ಅಲ್ಲಿ ಯಾರು ಇರುತ್ತಾರೆ? ಬೇರೆ ಕಡೆ ಜಾಗ ಕೊಳ್ಳಲು ಆಗದವರು. ಹಳೇ ಪೇಟೆಯಲ್ಲಿ ಹಮಾಲಿ ಮಾಡುವವರು, ಹೂ ಕಟ್ಟುವವರು. ನೀವು ಗಾಂವಭಾಗದ ಎತ್ತರದ ಜಗಲಿ ಹೊಗಳುವಾಗ ನನಗೆ ಅವರು ನೆನಪಾಗುತ್ತಾರೆ. ಚರಿತ್ರೆಯ ಅಭಿಮಾನ ಇರುವವರಿಗೆ ಮಾಳಿಗೆಯೂ ಇರುತ್ತದೆ. ಅವರಿಗೆ ಚರಿತ್ರೆಯೂ ಇಲ್ಲ, ಮಾಳಿಗೆಯೂ ಇಲ್ಲ.

ಇದ್ದವರು: ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ರಿ.

ಬಂದವರು: ಹೊಳೆಯಿಂದ ಸಿಕ್ಕದ್ದನ್ನೂ ಹೇಳಿ. ಬರೀ ಕಷ್ಟವಾಗಿದ್ದರೆ ಇನ್ನೂರು ವರ್ಷ ಯಾರೂ ಇರುತ್ತಿರಲಿಲ್ಲ.

ಇದ್ದವರು: ಹರಿಪುರದ ಪೇವು ನೋಡೀರೇನು? ನಮ್ಮ ಕಡೆ ಹಗೇವು ಅಂತೀವಲ್ಲ, ಅದೇ. ಹೊಳೀದಂಡಿ ಮಣ್ಣಾಗ ಆಳಕ್ಕ ತೆಗ್ಗು ತೋಡಿ ಅರಿಷಿಣ ತುಂಬಿ ಬಾಯಿ ಮುಚ್ಚೂದು. ಆ ಮಣ್ಣಿನ ಗುಣ ಏನೋ, ವರ್ಷಗಟ್ಟಲೆ ಇಟ್ರೂ ಹುಳ ಹತ್ತೂದಿಲ್ಲ, ಬಣ್ಣ ಕೆಡೂದಿಲ್ಲ. ಮೇಘಾಲಯದ ತನಕ ಅರಿಷಿಣ ಬೆಳೀತಾರ, ಆದ್ರ ದರ ಕೇಳಾವ ಸಾಂಗ್ಲೀನ ಕೇಳ್ತಾನ. ಅದಕ್ಕ ಈ ಪೇವು ಒಂದು ಕಾರಣ. ನಮ್ಮ ಮುತ್ಯಾ ತೇರದಾಳ ಬಿಟ್ಟು ಬಂದದ್ದೂ ಇದಕ್ಕೇ.

ಬಿಟ್ಟವರು: 2018ರಲ್ಲಿ ಸಾಂಗ್ಲಿಯ ಅರಿಷಿಣಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಅಷ್ಟರಲ್ಲಿ ಪೇವುಗಳ ಕಥೆ ಮುಗಿಯುತ್ತ ಬಂದಿತ್ತು. 2005ರ ನೀರು ಅವುಗಳ ಒಳಗೆ ಹೊಕ್ಕಿತು.

ಇದ್ದವರು: ಹೌದು. ಕೆಟ್ಟ ಅರಿಷಿಣದ ವಾಸನಿ ಯಾವ ವೈರಿಗೂ ಬ್ಯಾಡ. ಆಮ್ಯಾಲೆ ಎಲ್ಲಾರೂ ಗೋಡೌನು, ಕೋಲ್ಡ್ ಸ್ಟೋರೇಜು ಅಂದ್ರು.

ಬಂದವರು: ನಾಟಕದ ಊರು ಅಂತಲೂ ಕೇಳಿದ್ದೇನೆ.

ಬಿಟ್ಟವರು: ಅದರಲ್ಲಿ ನಮ್ಮ ಪಾಲೂ ಇದೆ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವೊಂದು 1842ರ ಹೊತ್ತಿಗೆ ಸಾಂಗ್ಲಿಯ ದರಬಾರಿನಲ್ಲಿ ಆಟ ಆಡಿತು. ಅಪ್ಪಾಸಾಹೇಬರು ನೋಡಿ, ಇಂಥದ್ದು ಮರಾಠಿಯಲ್ಲಿ ಆಗಬೇಕು ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ಆಡಿದರು. ಮರಾಠಿ ರಂಗಭೂಮಿ ದಿನ ಅಂತ ಇವತ್ತಿಗೂ ಆಚರಿಸುವುದು ಅದೇ ದಿನವನ್ನು. ಗಣಪತಿ ಗುಡಿ ಕಟ್ಟಿಸಿದ ಕೈಯೇ ಈ ನಾಟಕಕ್ಕೂ ಹಣ ಕೊಟ್ಟಿತು. ‘ಶಾರದಾ’ ಬರೆದ ಗೋವಿಂದ ಬಲ್ಲಾಳ ದೇವಲರು ಹರಿಪುರದವರು, ನಾಟಕಕಾರ ಖಾಡಿಲಕರರು ಸಾಂಗ್ಲಿಯವರು. ಇಷ್ಟೆಲ್ಲ ನಡೆದದ್ದು ನೀವು ಇವತ್ತು ಮನೆ ನೋಡಿ ಬಂದ ಆಸುಪಾಸಿನಲ್ಲೇ.

ಬಂದವರು: ಮರಾಠಿ ಊರಿನಲ್ಲಿ ಕನ್ನಡದವನು ಒಂಟಿಯಾಗುತ್ತಾನೆ ಅಂದುಕೊಂಡಿದ್ದೆ.

ಬಿಟ್ಟವರು: ಸಾಂಗ್ಲಿ ಸಂಸ್ಥಾನದ ನಕಾಶೆ ತೆಗೆದು ನೋಡಿ. ಶಿರಹಟ್ಟಿ, ತೇರದಾಳ, ಬೆಳಗಾವಿಯ ಶಹಾಪುರ, ಎಲ್ಲ ಈ ದರಬಾರಿಗೆ ಸೇರಿದ್ದವು. 1948ರ ತನಕ ಗದಗಿನ ಕಡೆಯ ರೈತ ಅರ್ಜಿ ಹಿಡಿದು ಈ ಹೊಳೆದಂಡೆಗೆ ಬರಬೇಕಿತ್ತು. ವಿಲಿಂಗ್ಡನ್ ಕಾಲೇಜು 1919ರಲ್ಲಿ ಶುರುವಾಯಿತು, ರಂ. ಶ್ರೀ. ಮುಗಳಿ ಅಲ್ಲಿ ದಶಕಗಳ ಕಾಲ ಕನ್ನಡ ಕಲಿಸಿದರು. ಗೋಕಾಕರು ಅಲ್ಲಿ ಪ್ರಿನ್ಸಿಪಾಲರಾಗಿದ್ದರು. ಇವತ್ತು ಜತ್ತ ತಾಲೂಕಿಗೆ ಹೋದರೆ ಸಂತೆಯೇ ಕನ್ನಡದಲ್ಲಿ ನಡೆಯುತ್ತದೆ.

ಇದ್ದವರು: ನಮ್ಮ ಮನ್ಯಾಗ ಅಡಿಗಿ ಕನ್ನಡದಾಗ, ಲೆಕ್ಕ ಮರಾಠ್ಯಾಗ. ಜಗಳ ಮಾತ್ರ ಎರಡರಾಗೂ.

ಬಂದವರು: ದಿನನಿತ್ಯ ಹೇಗೆ? ಪೂರ ಪ್ರತಿ ವರ್ಷವೂ ಬರುವುದಿಲ್ಲವಲ್ಲ. ಉಳಿದ ದಿನಗಳು?

ಇದ್ದವರು: ಬೆಳಗಾದ್ರ ಘಾಟಿಗೆ ಹೋಗ್ತೀನಿ. ಸರಕಾರಿ ಘಾಟು, ವಿಷ್ಣು ಘಾಟು, ಅಲ್ಲೇ ಈಜು ಕಲ್ತಾವ ನಾನು. ಡಬ್ಬಿ ಕಟ್ಟಿಕೊಂಡು ಹುಡುಗರು ಈಗೂ ಬೀಳ್ತಾರ. ಮೊಸಳಿ ಕಂಡ ಸುದ್ದಿ ಬಂದ್ರ ನಾಕು ದಿನ ದಂಡಿ ಖಾಲಿ, ಐದನೇ ದಿನ ಮತ್ತ ಜಾತ್ರಿ. ಕಾಯಿಪಲ್ಲೆ, ಭಡಂಗ, ಬಂಗಾರ, ಬಟ್ಟಿ, ಔಷಧ, ಯಾವುದಕ್ಕೂ ಗಾಡಿ ತಗೀಬೇಕಾಗಿಲ್ಲ. ಗಣೇಶ ಚೌತಿಗೆ ಇಡೀ ಜಿಲ್ಲೆ ನಮ್ಮ ಓಣಿಗೆ ಬರತೈತಿ. ಅದಕ್ಕೂ ಮೊದಲ, ಯಾರಿಗೂ ಗೊತ್ತಾಗದಂಗ ಗುಡ್ಯಾಗ ಚೋರ ಗಣಪತಿ ಬಂದು ಕೂತಿರತಾನ.

ಬಿಟ್ಟವರು: ಶೇರಿನಾಲಾ ಬಗ್ಗೆ ಹೇಳಿ.

ಇದ್ದವರು: ನೀವ ಹೇಳ್ರಿ, ನಿಮಗ ಖುಷಿ.

ಬಿಟ್ಟವರು: ಊರಿನ ಕೊಳಕು ನೀರು ಆ ನಾಲೆಯಲ್ಲಿ ಬಂದು ಹೊಳೆಗೆ ಬೀಳುತ್ತದೆ. ದಶಕಗಳಿಂದ ಯೋಜನೆ, ಉದ್ಘಾಟನೆ, ಮತ್ತೆ ಯೋಜನೆ. ಅದೇ ಹೊಳೆಯಿಂದ ಕುಡಿಯುವ ನೀರು ಎತ್ತುತ್ತೇವೆ. ಬೇಸಗೆಯಲ್ಲಿ ಸಂಜೆ ಘಾಟಿಗೆ ಹೋದರೆ ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿಕೊಂಡು ಕೂರಬೇಕು. ಓಣಿಗಳಲ್ಲಿ ಕಾರು ತಿರುಗುವುದಿಲ್ಲ, ಆಂಬುಲೆನ್ಸೂ ತಿರುಗುವುದಿಲ್ಲ. ಒಂದು ವಾಡೆಗೆ ಹನ್ನೆರಡು ವಾರಸುದಾರರು, ಹಳೇ ಬಾಡಿಗೆದಾರರು, ಕೋರ್ಟಿನಲ್ಲಿ ದಾವೆ. ಸೂರು ಸೋರಿದರೆ ರಿಪೇರಿಗೆ ಯಾರ ಸಹಿ ಬೇಕು ಅಂತ ತೀರ್ಮಾನ ಆಗುವಷ್ಟರಲ್ಲಿ ಸೂರೇ ಬಿದ್ದಿರುತ್ತದೆ. 2019ರಲ್ಲಿ ಊರೆಲ್ಲ ನೀರು, ನಲ್ಲಿಯಲ್ಲಿ ಮಾತ್ರ ಒಂದು ಹನಿ ಇಲ್ಲ, ಪಂಪುಗಳೇ ಮುಳುಗಿದ್ದವು.

ಬಂದವರು: ಮಿರಜಿನಲ್ಲೇ ಇದ್ದುಬಿಟ್ಟರೆ? ಕೆಲಸ ಅಲ್ಲೇ. ನೆಲ ಎತ್ತರ, ಹೊಳೆ ಊರಿನಿಂದ ದೂರ.

ಬಿಟ್ಟವರು: ವಿವೇಕದ ಮಾತು. ಮಿರಜ ಇದಕ್ಕಿಂತ ಬಹಳ ಹಳೆಯ ಊರು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಮಿರಿಂಜೆ ಮೂರು ಸಾವಿರ ಎಂಬ ನಾಡಾಗಿ ಬರುತ್ತದೆ. ಹೊಳೆಯನ್ನು ಕೆಲವು ಕಿಲೋಮೀಟರ್ ದೂರ ಇಟ್ಟುಕೊಂಡೇ ಬೆಳೆಯಿತು. ಅಲ್ಲಿ ಕೃಷ್ಣಾಘಾಟಿನವರಿಗೆ ಪೂರದ ತಾಪತ್ರಯ ಇದೆ, ಪೇಟೆಗೆ ಅಷ್ಟಾಗಿ ಇಲ್ಲ. ರೈಲು ನಾಲ್ಕು ದಿಕ್ಕಿಗೆ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಆಸ್ಪತ್ರೆ ಶುರು ಮಾಡಿದ ಮೇಲೆ ಅದು ವೈದ್ಯರ ಊರಾಯಿತು. ಬೆಳಗಾವಿ, ವಿಜಯಪುರದ ಕಡೆಯ ಎಷ್ಟೋ ಜನರಿಗೆ ದೊಡ್ಡ ದವಾಖಾನೆ ಅಂದರೆ ಮಿರಜ.

ಇದ್ದವರು: ಹಾಡಿನ ಊರೂ ಹೌದ್ರಿ. ದರ್ಗಾದ ಓಣಿಗೆ ಹೋಗಿ ನಿಲ್ರಿ. ಪಂಢರಪುರದ ಕಡೆಯಿಂದ ಬಂದ ಒಣ ಸೋರಿಕಾಯಿ ಮಾಳಿಗಿ ತುಂಬ ತೂಗು ಹಾಕಿರತಾರ. ಕತ್ತಿ ಸಾಣಿ ಹಿಡಿಯೋ ಶಿಕಲಗಾರರು ಕತ್ತಿ ಕಾಲ ಮುಗಿದ ಮ್ಯಾಲೆ ಸಿತಾರ, ತಂಬೂರಿ ಮಾಡಾಕ ಕುಂತ ಜಾಗ ಅದು.

ಬಂದವರು: ಅಬ್ದುಲ್ ಕರೀಂ ಖಾನರ ಸಮಾಧಿ ಇರುವುದು ಆ ದರ್ಗಾದಲ್ಲೇ ಅಲ್ಲವೇ? ಅವರ ಶಿಷ್ಯರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು.

ಬಿಟ್ಟವರು: ಅದೇ, ಮೀರಾಸಾಹೇಬರ ದರ್ಗಾ. ಖಾನರು 1937ರಲ್ಲಿ ಮದರಾಸಿನ ಕಡೆ ಪ್ರಯಾಣದಲ್ಲಿರುವಾಗ ತೀರಿಕೊಂಡರು. ಮಣ್ಣು ಮಾಡಿದ್ದು ಮಿರಜಿನಲ್ಲಿ. ಉರುಸಿಗೆ ಪ್ರತಿವರ್ಷ ಅಲ್ಲಿ ಹಾಡುಗಾರಿಕೆ. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತು ಬಂತು. ಮನೆಗೆ ಮಿರಜ, ನೋಡಲು ಸಾಂಗ್ಲಿ, ಎರಡರ ನಡುವೆ ಹತ್ತು ಕಿಲೋಮೀಟರ್. 1998ರಿಂದ ಮಹಾನಗರಪಾಲಿಕೆಯೂ ಒಂದೇ. ನನ್ನನ್ನು ಕೇಳಿದರೆ ಹೊಳೆಯನ್ನು ರವಿವಾರ ನೋಡಿಬರುವುದು ಸಾಕು.

ಇದ್ದವರು: ಮಿರಜಿನ ನೀರೂ ಈ ಹೊಳೀದ. 2016ರ ಏಪ್ರಿಲ್‌ನಾಗ ಲಾತೂರಿಗೆ ಕುಡಿಯಾಕ ನೀರಿಲ್ಲ ಅಂತ ಮಿರಜ ಸ್ಟೇಷನ್ನಿಂದ ರೈಲ್ವೆ ಟ್ಯಾಂಕರಿನಾಗ ಕೃಷ್ಣೆ ನೀರು ಕ‌ಳಿಸಿದ್ರು. ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಜನ ಸ್ಟೇಷನ್ನಿಗೆ ಹೋಗಿ ಗಾಡಿಗೆ ಕೈ ಮುಗಿದ್ರು. ಮೂರು ವರ್ಷಕ್ಕ ಅದೇ ನೀರಾಗ ನಾವು ಮುಳುಗಿದಿವಿ. ಹೊಳಿ ಸಮೀಪ ಇರೂದು ಕೆಟ್ಟದ್ದು ಅಂತ ಲಾತೂರಿನವರ ಮುಂದ ಹೇಳಿ ನೋಡ್ರಿ.

ಬಿಟ್ಟವರು: ಹೊಳೆ ಬೇಡ ಅಂದವರು ಯಾರು? ಹೊಳೆಗೆ ಅದರ ಜಾಗ ಬಿಡಿ ಅಂತಿದ್ದೇನೆ. ಕೆಳಗಿನ ಮನೆಗಳಲ್ಲಿ ಸಂಸಾರ ಹೂಡಬಾರದು. ದತ್ತನಗರದಂಥ ಕಡೆ ಇರುವವರಿಗೆ ಎತ್ತರದಲ್ಲಿ, ಪೇಟೆಗೆ ಹತ್ತಿರ, ಮನೆ ಕೊಡಬೇಕು. ಹಳೇ ಪೇಟೆಯಲ್ಲಿ ಹೊಸದು ಕಟ್ಟುವವರು ನೆಲಮಟ್ಟ ಖಾಲಿ ಬಿಡಬೇಕು. ಕೆಲವರು ಬಿಡುತ್ತಾರೆ, ಗಾಡಿ ನಿಲ್ಲಿಸಲು. ಎರಡು ವರ್ಷ ಮಳೆ ಕಡಿಮೆಯಾದರೆ ಅಲ್ಲೇ ಅಂಗಡಿಯ ಷಟರ್ ಬರುತ್ತದೆ.

ಇದ್ದವರು: ಇದು ಒಪ್ಪಿದೆ. ಆದ್ರ ಎಲ್ಲಾರೂ ವಿಶ್ರಾಮಬಾಗಿಗೆ ಹ್ವಾದ್ರ ಇಲ್ಲಿ ಉಳಿಯಾವರು ಯಾರು? ಮಾಳಿಗಿ ಇದ್ದವರು ಮೊದಲ ಹೋದ್ರು. ಅವರ ಖಾಲಿ ಮಾಳಿಗಿಗೆ ಕೀಲಿ. 2019ರಾಗ ನಮ್ಮ ಓಣ್ಯಾಗ ಎರಡು ವಾಡೆ ಮ್ಯಾಲೆ ಕೀಲಿ ಇತ್ತು, ಕೆಳಗಿನ ಬಾಡಿಗೆ ಮಂದಿ ಪಾವಟಿಗಿ ಮ್ಯಾಲೆ ಕುಂತಿದ್ರು. ಮಾಲಕರಿಗೆ ಫೋನು ಹತ್ತಲಿಲ್ಲ. ನಾನ ಕೀಲಿ ಒಡದೆ.

ಬಿಟ್ಟವರು: ಅದು ನಿಮ್ಮ ದೊಡ್ಡತನ.

ಇದ್ದವರು: ದೊಡ್ಡತನ ಅಲ್ರಿ, ಪದ್ಧತಿ. ನಮ್ಮ ಓಣ್ಯಾಗ ನೀರು ಬಂದ ದಿವಸ ಮಾಳಿಗಿ ಮಾಲಕನದಲ್ಲ. ಜೈನರ ಮನಿ, ಬ್ರಾಹ್ಮಣರ ಮನಿ, ಮುಸಲ್ಮಾನರ ಮನಿ ನೋಡಾಂಗಿಲ್ಲ. ಎಲ್ಲಿ ಪಾವಟಿಗಿ ಐತಿ, ಅಲ್ಲಿ ಏರೂದು. ಒಂದ ಒಲಿ ಮ್ಯಾಲೆ ಐವತ್ತು ಮಂದಿ ಪಿಠ್ಲಾ ಉಂಡದ್ದು ಐತಿ. ನೀರು ಇಳಿಯಾಕ ಹತ್ತಿದ ಮ್ಯಾಲೆ ಹೆಣ್ಣುಮಕ್ಕಳು ಕೃಷ್ಣಾಮಾಯಿಗೆ ಉಡಿ ತುಂಬಿ ಕಳಸ್ತಾರ. ಅಲ್ಲಿ ತನಕ ಯಾರೂ ಯಾರಿಗೂ ‘ಯಾವಾಗ ಹೋಗ್ತೀರಿ’ ಅಂತ ಕೇಳೂದಿಲ್ಲ. ಈ ಪದ್ಧತಿ ಇರೂತನಕ ಅದು ಓಣಿ. ಇಲ್ಲಂದ್ರ ಬರೇ ಹಳೇ ಕಲ್ಲು, ಹಳೇ ಕಟ್ಟಿಗಿ.

ಬಿಟ್ಟವರು: ಇದನ್ನು ಮೊದಲೇ ಹೇಳಿದ್ದರೆ ನಾನು ಇಷ್ಟು ವಾದ ಮಾಡುತ್ತಿರಲಿಲ್ಲ. ಹಳೆಯ ಓಣಿ ಅಂತ ಫೋಟೋ ತೆಗೆಯಲು ಬರುವವರಿಗೆ ಕಾಣುವುದು ತೇಗದ ಕಂಬ. ಉಳಿಸಬೇಕಾದದ್ದು ಆ ಪಾವಟಿಗೆಯ ಹಕ್ಕು. ಅದು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಬರುವುದಿಲ್ಲ.

ಬಂದವರು: ನಾನು ನೋಡಿದ ಮನೆಗೆ ಮಾಳಿಗೆ ಇದೆ. ಕೆಳಗೊಂದು ಸಂಸಾರ ಇದೆ, ಮೇಲಿನದನ್ನೇ ನನಗೆ ತೋರಿಸಿದ್ದು. ಮಾಲೀಕರು ಪುಣೆಯಲ್ಲಿ. ಸ್ವತಂತ್ರ ಮಾಳಿಗೆ, ಮೆಟ್ಟಿಲಿಗೆ ಬೇರೆ ಬಾಗಿಲು, ಬೀಗ ಹಾಕಿಕೊಳ್ಳಬಹುದು, ಯಾರ ಕಾಟವೂ ಇಲ್ಲ ಅಂತ ಏಜೆಂಟ್ ಹೇಳಿದ.

ಬಿಟ್ಟವರು: ಆ ಬೀಗದ ಮಾತೇ ನಿಮ್ಮ ಕರಾರು. ಬೀಗ ಹಾಕಿಕೊಂಡು ಇರುವುದಾದರೆ ವಿಶ್ರಾಮಬಾಗಿಗೆ ಬನ್ನಿ, ನಮ್ಮ ಕಟ್ಟಡದಲ್ಲೇ ಎರಡು ಮನೆ ಖಾಲಿ ಇವೆ. ಅಲ್ಲಿ ಬೀಗಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಇದ್ದವರು: ಇಲ್ಲೇ ಇರೂದಾದ್ರ ಎರಡು ಕೆಲಸ ಮಾಡ್ರಿ. ಮಳಿಗಾಲಕ್ಕ ಮೊದಲ ಆ ಮಾಳಿಗಿ ತೊಲಿ ಎಷ್ಟು ಭಾರ ತಡೀತೈತಿ ಅಂತ ಬಡಿಗ್ಯಾನ್ನ ಕರೆದು ತೋರಸ್ರಿ. ಇನ್ನೊಂದು, ಜೂನ್ ಮುಗಿಯೂದರಾಗ ಮೆಟ್ಟಲ ಬಾಗಲದ ಒಂದು ಕೀಲಿ ಕೆಳಗಿನವರ ಕೈಯಾಗ ಕೊಡ್ರಿ.

ಬಂದವರು: ಕೆಳಗೆ ಎಷ್ಟು ಜನ?

ಇದ್ದವರು: ಅದನ್ನ ನೀವ ಹೋಗಿ ಕೇಳ್ರಿ. ಮನಿ ನೋಡಾಕ ಹೋದಾಗ ಅದ ಮೊದಲ ಕೇಳಬೇಕಿತ್ತು. ಮುದುಕರು ಎಷ್ಟು, ಕೂಸು ಎಷ್ಟು, ಹೊಲಿಗಿ ಮಷೀನು ಐತೇನು, ಎಲ್ಲಾ ಬರಕೊಂಡು ಬರ್ರಿ. ಆಮ್ಯಾಲೆ ನಿಮ್ಮ ಸಾಮಾನು ಎಷ್ಟು ತರಬೇಕು ಅನ್ನೂದು ತಿಳೀತೈತಿ.

ಬಂದವರು: ಹಾಗಾದರೆ ಆ ದೊಡ್ಡ ಕಪಾಟು ಶಿವಮೊಗ್ಗದಲ್ಲೇ ಇರಲಿ. ಮನೆಯವಳಿಗೆ ಫೋನ್ ಮಾಡಿ ಹೇಳುತ್ತೇನೆ.

ಬಿಟ್ಟವರು: ಹೇಳುವಾಗ ಆಲಮಟ್ಟಿ ಕಾರಣ ಅನ್ನಬೇಡಿ.